ಸಂಪಾದಕರ ಉತ್ತರ: ರಾಜನ ಕೊರಳಲ್ಲಿದ್ದ ಲಿಂಗ

ಕೊಡಗಿನ ನಾಪೋಕ್ಲು ಕಡೆಯ ಅಕ್ಕನವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯ್ತು, ತಡವಾಗಿದ್ದಕ್ಕೆ ಬೇಸರ ಮಾಡ್ಕೋಬೇಡಿ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಸುಗ್ಗಿಯ ಹಬ್ಬ ಹುತ್ತರಿಗೆ ಎಲ್ಲರೂ ಮನೆತನದ ಹಿರಿಯ ಮನೆ ಐನ್‌ಮನೆಯಲ್ಲಿ ಸೇರಿದ್ದಾಗ ಮಾತು ರಾಜಕೀಯಕ್ಕೆ ತಿರುಗಿತು. "ದೇವರಿಗೆ ಹೆದರದವನು ಯಾರಿಗೂ ಹೆದರಲ್ಲ, ಅಂಥವನ ಕೈಗೆ ದೇಶ ಕೊಡಬಾರದು" ಅಂದರಂತೆ ಇವರ ಭಾವ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು, "ಪ್ರಧಾನಿ ಯಾವ ದೇವರಿಗೆ ಕೈ ಮುಗೀತಾರೆ ಅಂತ ಕೇಳೋದೇ ತಪ್ಪು" ಅಂತ ತಿರುಗಿ ಹೇಳಿದಳು. ಊಟಕ್ಕೆ ಕೂರುವ ಹೊತ್ತಿಗೆ ಇಬ್ಬರ ನಡುವೆ ಮಾತಿಲ್ಲ. ಅಕ್ಕ ಕೇಳಿರುವುದು ಇಷ್ಟೇ: ವೋಟು ಹಾಕುವಾಗ ನಾಯಕರ ನಂಬಿಕೆಯನ್ನು ಲೆಕ್ಕಕ್ಕೆ ತಗೋಬೇಕಾ, ಬೇಡವಾ?

ನೇರವಾಗಿಯೇ ಹೇಳುತ್ತೇನೆ. ಅವರು ಯಾವ ದೇವರನ್ನು ನಂಬುತ್ತಾರೆ, ನಂಬುತ್ತಾರೋ ಇಲ್ಲವೋ ಅನ್ನೋದು ನನಗೆ ಬೇಡ. ಆ ನಂಬಿಕೆ ಇಲ್ಲದವರನ್ನು ಅವರು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದು ಬೇಕು. ತುಂಬಾ ಬೇಕು.

ಇದನ್ನು ನಾನು ದೂರದಿಂದ ಕಲಿತದ್ದಲ್ಲ, ನಮ್ಮ ಕೊಡಗಿನ ಕಥೆಯೇ ಇದೆ. ಹಾಲೇರಿ ಅರಸರು ಲಿಂಗಾಯತರು. 1834ರ ತನಕ, ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಅವರದೇ ಆಳ್ವಿಕೆ. ಅವರ ಕೆಳಗೆ ಬದುಕಿದವರಲ್ಲಿ ಕೊಡವರಿದ್ದರು, ಗೌಡರಿದ್ದರು, ಯರವರು, ಕುರುಬರಂಥ ಬುಡಕಟ್ಟಿನವರು, ಮುಸ್ಲಿಮರು ಇದ್ದರು. ರಾಜನ ಕೊರಳಲ್ಲಿ ಲಿಂಗ ಇತ್ತು, ಹೆಚ್ಚಿನ ಪ್ರಜೆಗಳ ಕೊರಳಲ್ಲಿ ಇರಲಿಲ್ಲ. ಹಾಗಂತ ಜನ ಅವರನ್ನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ದೊಡ್ಡವೀರರಾಜೇಂದ್ರನನ್ನು ಇವತ್ತಿಗೂ ಅಭಿಮಾನದಿಂದ ನೆನೆಯುತ್ತೇವೆ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ಟಿಪ್ಪುವಿನ ಸೈನ್ಯದಿಂದ ನಾಡು ಬಿಡಿಸಿಕೊಂಡವನು ಅವನು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟವನೂ ಅವನೇ, ಅಲ್ಲಿನ ಸಂತ ಅನ್ನಮ್ಮ ಚರ್ಚು 1792ರದ್ದು. ಅದೇ ರಾಜನಿಗೆ ಕೊನೆಗಾಲದಲ್ಲಿ ಎಲ್ಲರ ಮೇಲೂ ಅನುಮಾನ ಹತ್ತಿತು, ಎಷ್ಟೋ ಜನರನ್ನು ಕೊಲ್ಲಿಸಿದ. ಕೊರಳಿನ ಲಿಂಗ ಮೊದಲಿನದೇ. ಒಬ್ಬನೇ ಮನುಷ್ಯ, ಒಂದೇ ನಂಬಿಕೆ, ಎರಡು ಥರದ ಆಳ್ವಿಕೆ.

ಆಮೇಲೆ ಬಂದ ಚಿಕ್ಕವೀರರಾಜೇಂದ್ರನ ಬಗ್ಗೆ ಅಜ್ಜ ಅಜ್ಜಿಯರು ಹೇಳುತ್ತಿದ್ದ ಕಥೆ ನೀವೂ ಕೇಳಿರುತ್ತೀರಿ. ಕ್ರೌರ್ಯ, ಕುಡಿತ, ಹೆಣ್ಣುಮಕ್ಕಳಿರುವ ಮನೆಯವರ ಭಯ. (ಇಂಗ್ಲಿಷರು ರಾಜ್ಯ ಕಸಿದುಕೊಳ್ಳಲು ನೆಪ ಬೇಕಿತ್ತು, ಅವರು ಸೇರಿಸಿ ಬರೆದದ್ದೂ ಅದರಲ್ಲಿ ಇರಬಹುದು.) ಆದರೆ "ಅವನು ನಮ್ಮ ದೇವರವನಲ್ಲ" ಅಂತ ದೂರಿದ ಒಂದು ಕಥೆಯನ್ನೂ ನಾನು ಕೇಳಿಲ್ಲ. ಆ ಕಾಲದಲ್ಲಿ ಆರಿಸುವ ಹಕ್ಕು ನಮಗಿರಲಿಲ್ಲ, ನಿಜ. ಅಳೆಯುವ ಬುದ್ಧಿ ಇತ್ತು.

ಭಾವನವರ ಮಾತನ್ನು ತಳ್ಳಿಹಾಕುತ್ತಿಲ್ಲ ಅಕ್ಕ. ಯಾರೂ ನೋಡದಿದ್ದರೂ ಮೇಲೊಬ್ಬ ನೋಡುತ್ತಾನೆ ಅನ್ನುವ ಅಂಜಿಕೆ ಎಷ್ಟೋ ಜನರನ್ನು ಸರಿದಾರಿಯಲ್ಲಿ ಇಟ್ಟಿದೆ. ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಅಂಥವರು. ಬೆಳಿಗ್ಗೆ ದೀಪ ಹಚ್ಚದೆ ಕಾಫಿ ಕುಡಿಯುವುದಿಲ್ಲ, ಇಷ್ಟು ವರ್ಷದಲ್ಲಿ ಒಂದು ಕೆಜಿ ಮೆಣಸು ಹೆಚ್ಚುಕಡಿಮೆ ಆಗಿಲ್ಲ. ಆದರೂ ಚೀಲ ತೂಕ ಹಾಕಿಯೇ ಲಾರಿಗೆ ಹತ್ತಿಸುತ್ತೇವೆ, ಅಲ್ವಾ? ಅದರಲ್ಲಿ ಅವರಿಗೂ ಅವಮಾನ ಇಲ್ಲ, ನಮಗೂ ಇಲ್ಲ. ದೇಶ ನಡೆಸುವವರಿಗೆ ಆ ತೂಕದ ಕಲ್ಲು ಬೇಡ, ಭಕ್ತಿ ಇದ್ದರೆ ಸಾಕು ಅನ್ನೋದು ಹೇಗೆ?

ನಮ್ಮ ಸಂವಿಧಾನ ಬರೆದವರು ಇದನ್ನು ಚೆನ್ನಾಗಿ ಯೋಚಿಸಿದ್ದರು. 1949ರ ಅಕ್ಟೋಬರ್ 17. ನಮ್ಮಲ್ಲಿ ತಲಕಾವೇರಿಯ ತೀರ್ಥೋದ್ಭವ ಸಾಮಾನ್ಯವಾಗಿ ಬರುವ ತಾರೀಖು ಅದು. ಅವತ್ತು ದೆಹಲಿಯಲ್ಲಿ ಸಂವಿಧಾನ ಸಭೆ ಪೀಠಿಕೆಯ ಚರ್ಚೆಗೆ ಕೂತಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್ ಎದ್ದು, ಪೀಠಿಕೆ "ದೇವರ ಹೆಸರಿನಲ್ಲಿ" ಅಂತ ಶುರುವಾಗಲಿ ಎಂದು ತಿದ್ದುಪಡಿ ತಂದರು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧ 68. ಬೇಡ ಎಂದವರೆಲ್ಲ ನಾಸ್ತಿಕರು ಅಂದುಕೊಳ್ಳಬೇಡಿ. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ ತಾನು ದೇವರನ್ನು ನಂಬುವವನು ಅಂತ ಹೇಳಿಯೇ, ನಂಬಿಕೆಯಲ್ಲಿ ಬಲವಂತ ಕೂಡದು ಎಂದು ವಿರೋಧಿಸಿದರು. ಪೂರ್ಣಿಮಾ ಬ್ಯಾನರ್ಜಿಯವರಂತೂ ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ತರಬೇಡಿ ಎಂದು ಕೇಳಿಕೊಂಡರು. ಆ ಮಾತು ನನಗೆ ಈಗಲೂ ತುಂಬಾ ಹಿಡಿಸುತ್ತದೆ.

ಅದಕ್ಕೇ ನಮ್ಮ ಮಂತ್ರಿಗಳ ಪ್ರಮಾಣವಚನದಲ್ಲಿ ಎರಡು ದಾರಿ ಇದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರೆತ್ತದೆ ಸತ್ಯನಿಷ್ಠೆಯಿಂದ ಹೇಳಬಹುದು. ಮುಂದಿನ ಮಾತು ಇಬ್ಬರಿಗೂ ಒಂದೇ: ಭಯ ಇಲ್ಲದೆ, ಪಕ್ಷಪಾತ ಇಲ್ಲದೆ, ರಾಗದ್ವೇಷ ಇಲ್ಲದೆ ಎಲ್ಲ ಜನರಿಗೂ ನ್ಯಾಯ ಮಾಡುತ್ತೇನೆ ಅಂತ. ನಾನು ಟಿವಿಯಲ್ಲಿ ಪ್ರಮಾಣವಚನ ನೋಡುವಾಗ ಮೊದಲ ಸಾಲಿಗಿಂತ ಈ ಸಾಲನ್ನು ಜಾಸ್ತಿ ಗಮನ ಕೊಟ್ಟು ಕೇಳುತ್ತೇನೆ.

ಇನ್ನು ದೇವರಿಗೆ ಹೆದರದವರ ಕೈಗೆ ದೇಶ ಕೊಡಬಾರದು ಅನ್ನೋ ಮಾತು. ಕೊಟ್ಟಿದ್ದೇವಲ್ಲ! ನೆಹರೂ ಪೂಜೆ ಪುನಸ್ಕಾರದ ಮನುಷ್ಯ ಅಲ್ಲ, ಅದನ್ನು ಮುಚ್ಚಿಟ್ಟವರೂ ಅಲ್ಲ. ನಾನು ಸತ್ತ ಮೇಲೆ ಯಾವ ಧಾರ್ಮಿಕ ವಿಧಿಯೂ ಬೇಡ ಅಂತ 1954ರಲ್ಲೇ ಉಯಿಲು ಬರೆದಿಟ್ಟರು. ಅದೇ ಉಯಿಲಿನಲ್ಲಿ ಒಂದು ಹಿಡಿ ಬೂದಿ ಗಂಗೆಗೆ ಬಿಡಿ ಅಂದರು, ಅದು ಧರ್ಮಕ್ಕಲ್ಲ, ಚಿಕ್ಕಂದಿನಿಂದ ಆ ನದಿಯ ಮೇಲಿದ್ದ ಪ್ರೀತಿಗೆ. ಕಾವೇರಿಯನ್ನು ತಾಯಿ ಅನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಊರೂರಿಗೂ ದೇವಸ್ಥಾನ ಇರುವ ಈ ದೇಶದ ಜನ ಅವರ ಪಕ್ಷವನ್ನು ಮೂರು ಸಾರ್ವತ್ರಿಕ ಚುನಾವಣೆಯಲ್ಲಿ ಗೆಲ್ಲಿಸಿದರು. ಅವರ ಆಡಳಿತದಲ್ಲಿ ತಪ್ಪು ಹುಡುಕಿದರೆ ಬೇಕಾದಷ್ಟು ಸಿಗುತ್ತದೆ, ಚೀನಾ ಯುದ್ಧ ಒಂದೇ ಸಾಕು. ಅದು ದೇವರನ್ನು ನಂಬದ್ದಕ್ಕೆ ಆದದ್ದಲ್ಲ. ಮನಮೋಹನ್ ಸಿಂಗ್ ವಿಷಯವೂ ಹಾಗೇ. ದೇಶದಲ್ಲಿ ಸಿಖ್ಖರು ನೂರಕ್ಕೆ ಇಬ್ಬರೂ ಇಲ್ಲ, ಆದರೂ 2004ರಿಂದ ಹತ್ತು ವರ್ಷ ಅವರು ಪ್ರಧಾನಿ. ಅವರ ಮೇಲೆ ಸಿಟ್ಟಾದವರು ಬೆಲೆ ಏರಿಕೆಗೆ, ಹಗರಣಗಳಿಗೆ ಸಿಟ್ಟಾದರು, ಪೇಟಕ್ಕಲ್ಲ.

ಈಗ ನಿಮ್ಮ ಮಗಳಿಗೆ ಒಂದು ಮಾತು. ಕೇಳೋದೇ ತಪ್ಪು ಅನ್ನೋದನ್ನು ನಾನು ಒಪ್ಪಲ್ಲ ತಂಗಿ. ನಾಯಕರೇ ತಮ್ಮ ನಂಬಿಕೆಯನ್ನು ವೇದಿಕೆಗೆ ತಂದರೆ, ಅದರ ಮೇಲೆ ಕಾನೂನು ಮಾಡುತ್ತೇನೆ ಅಂದರೆ, ಕೇಳಲೇಬೇಕು. ಹೇಗೆ ಕೇಳಬೇಕು ಅನ್ನೋದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. 1928ರಲ್ಲಿ ಆಲ್ ಸ್ಮಿತ್ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತಾಗ ಅವರು ಕ್ಯಾಥಲಿಕ್ ಅನ್ನೋದು ಅವರ ವಿರುದ್ಧ ದೊಡ್ಡ ಪ್ರಚಾರವಾಗಿತ್ತು. 1960ರಲ್ಲಿ ಜಾನ್ ಕೆನಡಿಗೂ ಅದೇ ಕಾಟ, ಪೋಪ್ ಹೇಳಿದಂತೆ ಕೇಳುವ ಮನುಷ್ಯ ಅಂತ. ಸೆಪ್ಟೆಂಬರ್ 12ರಂದು ಅವರು ಹ್ಯೂಸ್ಟನ್‌ಗೆ ಹೋಗಿ, ಪ್ರಾಟೆಸ್ಟೆಂಟ್ ಪಾದ್ರಿಗಳ ಎದುರಿಗೇ ನಿಂತರು. ನಾನು ಕ್ಯಾಥಲಿಕ್ಕರ ಅಭ್ಯರ್ಥಿ ಅಲ್ಲ, ನನ್ನ ಪಕ್ಷದ ಅಭ್ಯರ್ಥಿ, ಕ್ಯಾಥಲಿಕ್ ಅನ್ನೋದು ನನ್ನ ಧರ್ಮ ಅಷ್ಟೇ ಅಂದರು. ಮನಸ್ಸಾಕ್ಷಿಗೂ ದೇಶದ ಹಿತಕ್ಕೂ ತಿಕ್ಕಾಟ ಬಂದರೆ ರಾಜೀನಾಮೆ ಕೊಡುತ್ತೇನೆ ಅಂತಲೂ ಹೇಳಿದರು. ಪಾದ್ರಿಗಳು ಪ್ರಶ್ನೆ ಕೇಳಿದರು, ಅವರು ಉತ್ತರ ಕೊಟ್ಟರು. ಯಾವ ದೇವರು ಅನ್ನೋದಕ್ಕಲ್ಲ, ಕುರ್ಚಿಯಲ್ಲಿ ಕೂತಾಗ ಯಾರ ಮಾತು ನಡೆಯುತ್ತದೆ ಅನ್ನೋದಕ್ಕೆ. ನಮ್ಮ ನಾಯಕರನ್ನೂ ಹಾಗೆ ಕೂರಿಸಿ ಕೇಳುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಧರ್ಮದ ಹೆಸರಿನಲ್ಲಿ ವೋಟು ಕೇಳೋದನ್ನು ನಮ್ಮ ಕಾನೂನು 1951ರ ಜನಪ್ರತಿನಿಧಿ ಕಾಯ್ದೆಯಲ್ಲೇ ತಡೆದಿದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕು ಮೂರರ ಬಹುಮತದಲ್ಲಿ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮ ಹಿಡಿದು ಕೇಳಿದರೂ ತಪ್ಪೇ ಅಂದಿತು. ಕಾನೂನು ಕಟ್ಟಿಹಾಕುವುದು ವೋಟು ಕೇಳುವವರನ್ನು. ಬೂತಿನ ಒಳಗೆ ಏನು ಯೋಚಿಸಿ ಬಟನ್ ಒತ್ತಿದಿರಿ ಅಂತ ನಿಮ್ಮನ್ನು ಯಾರೂ ಕೇಳುವಂತಿಲ್ಲ, ಅದು ನಿಮಗೇ ಬಿಟ್ಟದ್ದು.

ನನಗೆ ನಿಜವಾಗಿ ಚಿಂತೆ ಇರೋದು ಇನ್ನೊಂದು ಕಡೆ. ಧರ್ಮವೇ ಚುನಾವಣೆಯ ಮುಖ್ಯ ಪ್ರಶ್ನೆ ಆದಾಗ ಲೆಕ್ಕ ತಲೆಗಳದ್ದು ಆಗುತ್ತದೆ. ಆ ಲೆಕ್ಕದಲ್ಲಿ ಕೊಡವರು ಎಷ್ಟು ಜನ? ನಿಮ್ಮ ಮದುವೆಯಲ್ಲಿ ಪುರೋಹಿತರಿಲ್ಲ, ದೀಪದ ಮುಂದೆ ಹಿರಿಯರೇ ಅಕ್ಕಿ ಹಾಕಿ ಹರಸುತ್ತಾರೆ. ಮನೆತನದ ಮೂಲಪುರುಷನಾದ ಕಾರಣವನಿಗೆ ಮೀದಿ (ಎಡೆ) ಇಡುತ್ತೀರಿ, ಆಯುಧದ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ಪೂಜೆ ಮಾಡುತ್ತೀರಿ. ಒಂದೇ ಅಚ್ಚಿನ ಧರ್ಮ ಬೇಕು ಅನ್ನುವ ನಾಯಕರಿಗೆ ನಾಳೆ ಇದೂ ವಿಚಿತ್ರವಾಗಿ ಕಾಣಬಹುದು. ನಿಮ್ಮ ತೋಟದ ಕೆಲಸದವರ ಲೈನ್‌ಮನೆಯಲ್ಲಿರುವ ಯರವರ ದೇವರ ಹೆಸರು ಯಾವ ಭಾಷಣದಲ್ಲಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಅವರೂ ನಿಮ್ಮ ಜೊತೆ ಅದೇ ಸಾಲಿನಲ್ಲಿ ನಿಂತು ವೋಟು ಹಾಕಿ ಬರುತ್ತಾರೆ.

ನನ್ನ ಅಪ್ಪ ಸೈನ್ಯದಲ್ಲಿದ್ದವರು. ನಿಮ್ಮ ಭಾವನವರೂ ಮಿಲಿಟರಿಯಲ್ಲಿದ್ದರು ಅಂತ ಬರೆದಿದ್ದೀರಿ, ಹಾಗಾಗಿ ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸಿಖ್ ಪಲ್ಟನ್‌ನ ಅಧಿಕಾರಿ ಹಿಂದೂ ಇರಲಿ, ಕ್ರೈಸ್ತ ಇರಲಿ, ಮುಸ್ಲಿಂ ಇರಲಿ, ತನ್ನ ಜವಾನರ ಜೊತೆ ತಲೆಗೆ ಬಟ್ಟೆ ಕಟ್ಟಿ ಗುರುದ್ವಾರದಲ್ಲಿ ಕೂರುತ್ತಾರೆ. ಅದರಿಂದ ಅವರ ಸ್ವಂತ ನಂಬಿಕೆ ಎಲ್ಲೂ ಹೋಗುವುದಿಲ್ಲ. ಅಪ್ಪ ಹೇಳುತ್ತಿದ್ದರು, ಸಾಹೇಬರು ಮನೆಯಲ್ಲಿ ಯಾರಿಗೆ ಕೈ ಮುಗೀತಾರೆ ಅಂತ ನಾವು ಯಾವತ್ತೂ ಕೇಳಲಿಲ್ಲ, ಗುಂಡು ಹಾರುವಾಗ ನಮ್ಮ ಮುಂದೆ ಇರ್ತಾರಾ ಹಿಂದೆ ಇರ್ತಾರಾ ಅಂತ ನೋಡ್ತಿದ್ವಿ ಅಂತ. ಭಾವನವರಿಗೆ ಈ ಒಂದು ಪ್ಯಾರಾ ಆದರೂ ಓದಿ ಹೇಳಿ. ಒಪ್ಪದಿದ್ದರೆ ಅವರೇ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅವರಿಗಾಗಿ ಖಾಲಿ ಇಟ್ಟಿರುತ್ತೇನೆ.