ಬೆಳಗ್ಗೆ ಬಾಯಿ ತೆರೆದು ಮೇಲೆ ಬರುವ ಕಾಟ್ಲ, ರೋಹು

ನೀವು ಕೇಳಿದ ಪ್ರಶ್ನೆಗೆ ಉತ್ತರವಿದು: ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಿಮ್ಮ ಅಡಿಕೆ ತೋಟದ ಕೆರೆಯಲ್ಲಿ ಕಾಟ್ಲ, ರೋಹು ಮೀನುಗಳು ನಸುಕಿನಲ್ಲಿ ನೀರಿನ ಮೇಲೆ ಬಾಯಿ ತೆರೆದು ನಿಲ್ಲುವುದಕ್ಕೂ ಹಾಕಿದ ಆಹಾರವನ್ನು ಮುಟ್ಟದಿರುವುದಕ್ಕೂ ರೋಗಕ್ಕಿಂತ ಹೆಚ್ಚಾಗಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರುವುದೇ ಕಾರಣವೆಂದು ತೋರುತ್ತದೆ. ಹಗಲು ಆಮ್ಲಜನಕ ಕೊಡುವ ಹಸಿರು ಪಾಚಿಯೇ ರಾತ್ರಿಯಿಡೀ ಅದನ್ನು ಬಳಸಿಕೊಳ್ಳುವುದರಿಂದ ಸೂರ್ಯೋದಯಕ್ಕೆ ಮುಂಚೆ ಕೊರತೆ ಅತಿ ಹೆಚ್ಚು. ನಮ್ಮ ಮುರಕಲ್ಲಿನ ಕೆರೆಯಲ್ಲಿಯೂ ಮೋಡ ಕವಿದ ದಿನದ ಮರುಬೆಳಗ್ಗೆಯೇ ಹೀಗಾಗುತ್ತಿತ್ತು. ಬಿಸಿಲೇರಿದ ಮೇಲೆ ಮೀನುಗಳು ಕೆಳಗಿಳಿದರೆ ಈ ಊಹೆ ಬಹುಮಟ್ಟಿಗೆ ಸರಿ. ಹಗಲಲ್ಲೂ ಮೇಲೆಯೇ ಇದ್ದರೆ ಅಥವಾ ಮೈಮೇಲೆ ಕೆಂಪು ಹುಣ್ಣುಗಳಿದ್ದರೆ ಕಾರಣ ಬೇರೆಯಿರಬಹುದು, ಆಗ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಬೇಕು.

ಇಂದೇ ಆಹಾರವನ್ನೂ ಕೆರೆಗೆ ಗೊಬ್ಬರವಾಗಿ ಹಾಕುವ ಸೆಗಣಿಯನ್ನೂ ನಿಲ್ಲಿಸಿರಿ. ರಾತ್ರಿ 3 ಗಂಟೆಯಿಂದ ಬೆಳಕಾಗುವವರೆಗೆ ಪಂಪು ಓಡಿಸಿ, ತೋಟದ ಸ್ಪ್ರಿಂಕ್ಲರನ್ನು ಕೆರೆಯ ಕಡೆಗೇ ತಿರುಗಿಸಿ ನೀರು ಹನಿಹನಿಯಾಗಿ ಬೀಳುವಂತೆ ಮಾಡಿರಿ. ಫುಟ್‌ವಾಲ್ವ್ (ಪಂಪು ನೀರು ಹೀರುವ ಕೊಳವೆಯ ತುದಿಯ ಕವಾಟ) ತಳದ ಕೆಸರಿಗೆ ತಾಗಬಾರದು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತು (ತಾಮ್ರದ ಸಲ್ಫೇಟ್) ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಹಾಕಿ ಪಾಚಿಯನ್ನು ಕೊಲ್ಲಲು ಹೋಗಬೇಡಿರಿ, ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವೂ ಮುಗಿಯುತ್ತದೆ. ಮಧ್ಯಾಹ್ನ ಮೊಣಕೈವರೆಗೆ ಕೈ ಇಳಿಸಿ ನೋಡಿರಿ: ಅಂಗೈ ಕಾಣದಿದ್ದರೆ ಪಾಚಿ ಅತಿಯಾಗಿದೆ, ಸ್ವಲ್ಪ ನೀರನ್ನು ತೋಟಕ್ಕೆ ಬಿಟ್ಟು ಹೊಸ ನೀರು ತುಂಬಿಸಿರಿ.

ಮೂರು ದಿನ ಬೆಳಗ್ಗೆ ಮೀನುಗಳು ಮೇಲೆ ಬಾರದಿದ್ದರೆ ಅರ್ಧ ಪ್ರಮಾಣದಿಂದ, ಬೆಳಗ್ಗೆ 10 ಗಂಟೆಯ ನಂತರ ಮಾತ್ರ, ಆಹಾರ ಆರಂಭಿಸಬಹುದು. ಕಾಟ್ಲ ಮೇಲ್ಪದರದಲ್ಲಿ, ರೋಹು ನಡುವಿನಲ್ಲಿ ಮೇಯುವುದರಿಂದ ತೌಡು ಮತ್ತು ನೆಲಗಡಲೆ ಹಿಂಡಿಯನ್ನು ತೂತು ಮಾಡಿದ ಎರಡು ಚೀಲಗಳಲ್ಲಿ ತುಂಬಿ ಎರಡು ಆಳಕ್ಕೆ ಕಟ್ಟಿರಿ. ಕಟ್ಟಿ ಎರಡು ತಾಸಾದ ಮೇಲೆ ಉಳಿದಷ್ಟನ್ನು ಮರುದಿನ ಕಡಿಮೆ ಮಾಡಿರಿ.