ನಾಮಿನಿ ಹೆಸರಿಗೆ ಶೇರ್ ಆದ್ರ ಸೈಟ್ ಅವಂದೇ ಆಗೂದಿಲ್ರಿ

ಕಲಬುರಗಿ ಹೌಸಿಂಗ್ ಸೊಸೈಟಿಯೊಳಗ ತೀರಿಕೊಂಡ ನಿಮ್ ತಂದಿ ಮೆಂಬರ್ ಶೇರು ನಾಮಿನಿ ಅಂತ ತಮ್ಮನ ಹೆಸರಿಗೆ ಮಾಡ್ಯಾರ, ಈಗ ಸೈಟ್ ಪೂರಾ ನಂದೇ ಅಂತಾನ, ಅಕ್ಕ ಆದ ನನಗ ಹಕ್ಕಿಲ್ಲೇನು ಅಂತ ಕೇಳೀರಿ. ಹಕ್ಕು ಅದರಿ, ಹೆದರಬ್ಯಾಡ್ರಿ.

ಪಶ್ಚಿಮ ಬಂಗಾಳದ ಸೊಸೈಟಿ ಕೇಸೊಂದ್ರಾಗ 2016ರಾಗ ಸುಪ್ರೀಂ ಕೋರ್ಟ್, ಸೊಸೈಟಿ ನಾಮಿನಿ ಹೆಸರಿಗೇ ಶೇರ್ ಮಾಡ್ಬೇಕು ಆದ್ರ ವಾರಸುದಾರರು ತಮ್ಮ ಹಕ್ಕಿಗೆ ಬ್ಯಾರೇ ಕೇಸ್ ಹಾಕ್ಬಹುದು ಅಂತ ಹೇಳ್ಯದ. ಅಂದ್ರ ಕಮಿಟಿಯವ್ರು ಶೇರ್ ಮಾಡಿದ್ದು ತಪ್ಪಲ್ಲದೇ ಇರಬಹುದು, ಅದ್ರಿಂದ ತಮ್ಮ ಮಾಲಕ ಅಂತೂ ಆಗ್ಲಿಲ್ಲ. ತಂದಿ ವಿಲ್ ಬರದಿಲ್ಲಂದ್ರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವರ ಪಾಲಿನಾಗ ತಾಯಿಗೆ, ನಿಮಗ, ತಮ್ಮಗ ಸಮಪಾಲು.

ಮೊದಲು ಒಂದು ನೋಡ್ರಿ, ಸೈಟ್ ತಂದಿ ಹೆಸರಿಗೆ ರಿಜಿಸ್ಟರ್ ಆಗ್ಯದೋ ಬರೇ ಅಲಾಟ್ಮೆಂಟ್ ಲೆಟರ್ (ಸೊಸೈಟಿ ಸೈಟ್ ಹಂಚಿದ ಪತ್ರ) ಅದನೋ? ಬರೇ ಲೆಟರ್ ಇದ್ರ ತಡ ಮಾಡಬ್ಯಾಡ್ರಿ, ನಾಳೇನೇ ಸೊಸೈಟಿ ಸೆಕ್ರೆಟರಿಗೆ, ತಮ್ಮನ ಹೆಸರಿಗೆ ಸೈಟ್ ರಿಜಿಸ್ಟರ್ ಮಾಡಬ್ಯಾಡ್ರಿ ಅಂತ ತಕರಾರು ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡು ಕಾಪಿ ಇಟ್ಕೋರಿ, ತಗೊಳ್ಳಿಲ್ಲಂದ್ರ ಸ್ಪೀಡ್ ಪೋಸ್ಟ್. ನಮ್ ಕಾಕಾನ ಕೇಸಿನಾಗ ಬಾಯಿಮಾತಿಗೆ "ಆಯ್ತು ನೋಡ್ತೀವಿ" ಅಂದ್ರು, ಎರಡ್ ತಿಂಗಳಿನಾಗ ಸೇಲ್ ಡೀಡ್ ಮಾಡೇ ಬಿಟ್ರು, ನಮ್ ಕೈಯಾಗ ಒಂದ್ ಚೀಟಿನೂ ಇರ್ಲಿಲ್ಲ. ಆ ಸಂಕಟ ನಿಮಗ ಬರಬಾರದು.

ಸೊಸೈಟಿ ಮೆಂಬರ್‌ಶಿಪ್ ತಂಟೆ ಇದ್ರ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 70ನೇ ಕಲಂ ಕೆಳಗ ಸಹಕಾರ ಸಂಘಗಳ ರಿಜಿಸ್ಟ್ರಾರ್ ಕಡೆ ಹೋಗ್ಬೇಕು. ತಮ್ಮನ ಜೊತಿ ಪಾಲಿನ ಜಗಳ ಸಿವಿಲ್ ಕೋರ್ಟಿಗೆ, ಅಲ್ಲೇ ಸೈಟ್ ಮಾರದಂಗ ತಡೆಯಾಜ್ಞೆನೂ ಕೇಳ್ರಿ. ಇವೆರಡೂ ಒಂದೇ ಅರ್ಜಿನಾಗ ಕಲಸಬ್ಯಾಡ್ರಿ, ವಕೀಲರಿಗೆ ಅಲಾಟ್ಮೆಂಟ್ ಲೆಟರ್, ಶೇರ್ ಸರ್ಟಿಫಿಕೇಟ್, ತಂದಿ ಕಟ್ಟಿದ ರಸೀದಿ ಎಲ್ಲಾ ತೋರಿಸ್ರಿ.