ದಾರಿ ಹುಡುಕುವವರು ಯಾರು? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರ: ‘ಇಂದಿನ ವಿಮಾನ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಗಳು ಪೈಲಟ್ ಆಗಲೇಬೇಕೆಂದು ಹಟ ಹಿಡಿದಿದ್ದಾಳೆ. ದಾರಿ ನೋಡಿಕೊಳ್ಳಲು ಕಂಪ್ಯೂಟರ್, ಹಾರಿಸಲು ಆಟೋಪೈಲಟ್ ಇರುವಾಗ ಅವಳಿಗೆ ಅಲ್ಲಿ ಉಳಿದಿರುವ ಕೆಲಸವೇನು? ಕಂಪ್ಯೂಟರ್ ತಪ್ಪಿದರೆ ಗತಿಯೇನು?’

ಮಾನ್ಯರೇ,

ನಿಮ್ಮನ್ನು ಕಾಡಿದ ಆ ವಾಕ್ಯ ನಮ್ಮದೇ, ಮತ್ತು ಅದು ತಪ್ಪು. ವಿಮಾನ ದಾರಿಯನ್ನು ಹುಡುಕುವುದಿಲ್ಲ. ತನಗೆ ಹೇಳಿಕೊಟ್ಟ ದಾರಿಯನ್ನು ಬಹಳ ನಿಖರವಾಗಿ ಹಿಡಿಯುತ್ತದೆ, ಅಷ್ಟೇ. ಹೇಳಿಕೊಡುವವರು ಪೈಲಟ್‌ಗಳು. ಮಗಳ ಭವಿಷ್ಯದ ಪ್ರಶ್ನೆಯನ್ನೇ ನಮ್ಮ ಮುಂದಿಟ್ಟಿದ್ದೀರಿ, ಆದ್ದರಿಂದ ಎರಡು ಸಾಲಿನ ತಿದ್ದುಪಡಿ ಹಾಕಿ ಸುಮ್ಮನಾಗುವುದು ಸರಿಯಲ್ಲ ಎನಿಸಿತು.

ಮೊದಲು ಒಂದು ಗೊಂದಲ ಬಿಡಿಸೋಣ. ಆಟೋಪೈಲಟ್ ಬೇರೆ, ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್ (ಎಫ್‌ಎಂಸಿ) ಬೇರೆ. ರೆಕ್ಕೆ ಬಾಲಗಳ ಪಟ್ಟಿಗಳನ್ನು ಅಲುಗಿಸಿ ವಿಮಾನವನ್ನು ತಿರುಗಿಸುವುದು, ಏರಿಸುವುದು, ಇಳಿಸುವುದು ಆಟೋಪೈಲಟ್‌ನ ಕೆಲಸ. ಎಲ್ಲಿಗೆ, ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ ಎಂದು ಲೆಕ್ಕ ಹಾಕಿ ತಿಳಿಸುವುದು ಎಫ್‌ಎಂಸಿ. ದೂರದ ಹಾರಾಟಗಳಲ್ಲಿ ನ್ಯಾವಿಗೇಟರ್ ಎಂಬ ಪ್ರತ್ಯೇಕ ಸಿಬ್ಬಂದಿ ನಕ್ಷತ್ರಗಳನ್ನು ಅಳೆದು, ನಕ್ಷೆಯ ಮೇಲೆ ಗೆರೆ ಎಳೆಯುತ್ತಿದ್ದ ಕಾಲವೊಂದಿತ್ತು. ಯಂತ್ರದ ವ್ಯವಸ್ಥೆಗಳನ್ನು ನೋಡಿಕೊಳ್ಳಲು ಫ್ಲೈಟ್ ಎಂಜಿನಿಯರ್ ಇರುತ್ತಿದ್ದರು. 1982ರಲ್ಲಿ ಬೋಯಿಂಗ್ 767 ಸೇವೆಗೆ ಬಂದಾಗ ಅದರ ಕಾಕ್‌ಪಿಟ್‌ನಲ್ಲಿ ಎಫ್‌ಎಂಸಿ ಇತ್ತು, ಇಬ್ಬರೇ ಪೈಲಟ್‌ಗಳಿದ್ದರು.

ಈಗ ನಿಲ್ದಾಣದಲ್ಲಿ ನಿಂತಿರುವ ವಿಮಾನದೊಳಗೆ ಬನ್ನಿ. ಪೈಲಟ್‌ಗಳ ನಡುವೆ, ಕೈಗೆಟಕುವಂತೆ, ಪುಟ್ಟ ಪರದೆಯೊಂದಿದೆ. ಅದರ ಕೆಳಗೆ ಅಕ್ಷರ ಮತ್ತು ಅಂಕೆಗಳ ಕೀಲಿಮಣೆ, ಎಡಬಲಕ್ಕೆ ಆರಾರು ಗುಂಡಿಗಳು. ಎಫ್‌ಎಂಸಿಯೊಡನೆ ಪೈಲಟ್ ಮಾತನಾಡುವುದು ಇದರ ಮೂಲಕ. ಬೆರಳಚ್ಚಿಸಿದ್ದು ನೇರವಾಗಿ ಒಳಗೆ ಹೋಗುವುದಿಲ್ಲ, ಪರದೆಯ ಅಡಿಯ ಸಾಲಿನಲ್ಲಿ ಕಾಯುತ್ತದೆ. ಪಕ್ಕದ ಗುಂಡಿ ಒತ್ತಿದರೆ ತನ್ನ ಜಾಗಕ್ಕೆ ಏರುತ್ತದೆ. ಬೋಯಿಂಗ್ ವಿಮಾನಗಳಲ್ಲಿ, ಹಾರಾಟದ ನಡುವೆ ಬದಲಿಸಿದ ಮಾರ್ಗ ಮೊದಲು ನಕ್ಷೆಯ ಮೇಲೆ ಬಿಳಿಯ ತುಂಡುಗೆರೆಯಾಗಿ ಕಾಣುತ್ತದೆ. ‘ಎಕ್ಸಿಕ್ಯೂಟ್’ ಗುಂಡಿ ಒತ್ತಿದ ಮೇಲೆ ಅದೇ ಕಡುಗುಲಾಬಿ ಬಣ್ಣದ ಗಟ್ಟಿ ಗೆರೆಯಾಗುತ್ತದೆ, ವಿಮಾನ ಅದನ್ನು ಹಿಡಿಯುತ್ತದೆ. ಗೆರೆ ಬಿಳಿಯಾಗಿರುವಷ್ಟು ಹೊತ್ತು ಇನ್ನೊಬ್ಬ ಪೈಲಟ್ ಅದನ್ನು ಓದಿ, ಒಪ್ಪಿ, ಬಾಯಿಬಿಟ್ಟು ಹೇಳಬೇಕು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಆ ಕೆಲವು ಕ್ಷಣಗಳಲ್ಲಿ.

ಏಕೆಂದು ಹೇಳುತ್ತೇನೆ. ವಿಮಾನ ತಾನೆಲ್ಲಿದ್ದೇನೆ ಎಂದು ತಿಳಿಯಲು ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿರುವುದಿಲ್ಲ. ವಿಮಾನದೊಳಗೆ ತಿರುಗುವಿಕೆಯನ್ನು ಅಳೆಯುವ ಲೇಸರ್ ಗೈರೊಸ್ಕೋಪ್‌ಗಳಿವೆ. ಅವು ಎಷ್ಟು ಸೂಕ್ಷ್ಮವೆಂದರೆ, ನಿಂತಲ್ಲೇ ನಿಂತ ವಿಮಾನವನ್ನು ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗಿಸುತ್ತಿರುವುದು ಅವುಗಳ ಅರಿವಿಗೆ ಬರುತ್ತದೆ. ಹೊರಡುವ ಮುನ್ನ ಹತ್ತು ನಿಮಿಷದಷ್ಟು ಹೊತ್ತು, ವಿಮಾನವನ್ನು ಕದಲಿಸದೆ, ಈ ತಿರುಗುವಿಕೆಯನ್ನು ಅಳೆಯಲು ಬಿಡುತ್ತಾರೆ. ಅದರಿಂದಲೇ ಉತ್ತರ ಯಾವ ಕಡೆ, ಅಕ್ಷಾಂಶ ಎಷ್ಟು ಎಂಬುದು ಸಿಗುತ್ತದೆ. ರೇಖಾಂಶ ಮಾತ್ರ ದಕ್ಕುವುದಿಲ್ಲ. ಒಂದೇ ಅಕ್ಷಾಂಶದ ಮೇಲೆ ಎಲ್ಲಿ ನಿಂತರೂ ಭೂಮಿ ತಿರುಗುವ ಬಗೆ ಒಂದೇ. ಆದ್ದರಿಂದ ಅದನ್ನು ಹೊರಗಿನಿಂದ ಯಾರಾದರೂ ಹೇಳಲೇಬೇಕು.

2015ರ ಮಾರ್ಚ್ 10ರಂದು ಸಿಡ್ನಿಯಿಂದ ಕೌಲಾಲಂಪುರಕ್ಕೆ ಹೊರಟ ಏರ್‌ಬಸ್ ಎ330 ವಿಮಾನದಲ್ಲಿ ಹೀಗೆ ಹೇಳುವಾಗಲೇ ಕೈತಪ್ಪಾಯಿತು. ನಮೂದಿಸಬೇಕಾಗಿದ್ದ ರೇಖಾಂಶ 15109.8, ಅಂದರೆ ಪೂರ್ವಕ್ಕೆ 151 ಡಿಗ್ರಿ 9.8 ಮಿನಿಟ್. ಬೆರಳು ಒತ್ತಿದ್ದು 01519.8, ಅಂದರೆ 15 ಡಿಗ್ರಿ 19.8 ಮಿನಿಟ್. ಅಕ್ಷಾಂಶ ಸರಿಯಾಗಿಯೇ ಇತ್ತು. ಅಂಕೆಗಳೂ ನೋಡಲು ಹೆಚ್ಚುಕಡಿಮೆ ಅವೇ. ಆದರೆ ಸಿಡ್ನಿಯ ನೆಲದ ಮೇಲೆ ನಿಂತಿದ್ದ ವಿಮಾನದ ಪಾಲಿಗೆ ತಾನಿರುವುದು 11,000 ಕಿಲೋಮೀಟರಿಗೂ ಆಚೆ, ಕೇಪ್‌ಟೌನ್‌ಗೆ ಪಶ್ಚಿಮದ ಸಮುದ್ರದ ಮೇಲೆ! ಎಚ್ಚರಿಕೆಯ ಸಂದೇಶಗಳು ಬಂದವು, ಅವುಗಳ ಅರ್ಥ ಹೊಳೆಯಲಿಲ್ಲ. ಮೇಲೇರಿದ ವಿಮಾನ ಪಕ್ಕದ ಸಮಾನಾಂತರ ರನ್‌ವೇಯಿಂದ ಹೊರಡುವ ವಿಮಾನಗಳ ದಾರಿಯ ಕಡೆಗೆ ತಿರುಗಿತು. ಗಾಳಿಯಲ್ಲಿ ಸರಿಪಡಿಸಲು ಹೋದಾಗ ಇನ್ನಷ್ಟು ಉಪಕರಣಗಳು ಕೈಬಿಟ್ಟವು.

ಇಲ್ಲಿ ಯಂತ್ರ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಹಾಗೆಂದು ಆ ಪೈಲಟ್‌ಗಳನ್ನು ದೂರಲು ನನಗೆ ಮನಸ್ಸಿಲ್ಲ. ಕೈಯಿಂದ ನಮೂದಿಸಿದ್ದನ್ನು ತಾನಾಗಿಯೇ ತಿದ್ದಬಲ್ಲ ಹೊಸ ವ್ಯವಸ್ಥೆ ಆ ವಿಮಾನದಲ್ಲಿ ಅಳವಡಿಕೆಯಾಗಿರಲಿಲ್ಲ.

ಸ್ಥಾನ ತಿಳಿದ ಮೇಲೆ ಮಾರ್ಗ. ರನ್‌ವೇಗಳು, ರೇಡಿಯೊ ಕೇಂದ್ರಗಳು, ಆಕಾಶದಲ್ಲಿ ಗುರುತಿಸಿದ ಮಾರ್ಗಬಿಂದುಗಳು, ಇವೆಲ್ಲದರ ಭಂಡಾರ ಎಫ್‌ಎಂಸಿಯೊಳಗೆ ಇರುತ್ತದೆ. ಪ್ರತಿ 28 ದಿನಗಳಿಗೊಮ್ಮೆ, ಗುರುವಾರದಂದು, ಜಗತ್ತಿನಾದ್ಯಂತ ಅದರ ಹೊಸ ಆವೃತ್ತಿ ಒಮ್ಮೆಲೇ ಜಾರಿಗೆ ಬರುತ್ತದೆ. ಪೈಲಟ್ ಮಾರ್ಗಬಿಂದುಗಳ ಹೆಸರು ಕೊಟ್ಟರೆ ಸಾಕು, ಉಳಿದ ಲೆಕ್ಕ ಯಂತ್ರದ್ದು. ಆದರೆ ಹೆಸರೂ ಮೋಸ ಮಾಡಬಹುದು. 1995ರ ಡಿಸೆಂಬರ್ 20ರ ರಾತ್ರಿ ಕೊಲಂಬಿಯಾದ ಕಾಲಿ ನಗರಕ್ಕೆ ಇಳಿಯುತ್ತಿದ್ದ ಬೋಯಿಂಗ್ 757ರ ಪೈಲಟ್‌ಗಳು ರೋಸೊ ಎಂಬ ರೇಡಿಯೊ ಕೇಂದ್ರಕ್ಕಾಗಿ ‘ಆರ್’ ಅಕ್ಷರ ಒತ್ತಿದರು. ಭಂಡಾರದಲ್ಲಿ ರೋಸೊ ತನ್ನ ಪೂರ್ಣ ಹೆಸರಿನಲ್ಲಿತ್ತು. ‘ಆರ್’ ಎಂಬುದಕ್ಕೆ ಪಟ್ಟಿಯಲ್ಲಿ ಮೊದಲು ಬಂದದ್ದು ದೂರದ ಬೊಗೊಟಾ ಬಳಿಯ ರೋಮಿಯೊ. ಪರಿಶೀಲಿಸದೆ ಅದನ್ನೇ ಒಪ್ಪಿದರು. ಕಣಿವೆಯಲ್ಲಿ ದಕ್ಷಿಣಕ್ಕೆ ಸಾಗುತ್ತಿದ್ದ ವಿಮಾನ ಕತ್ತಲಲ್ಲಿ ಎಡಕ್ಕೆ ಹೊರಳಿತು. ತಪ್ಪು ತಿಳಿದು ತಿರುಗಿಸುವಷ್ಟರಲ್ಲಿ ಬೆಟ್ಟ ಎದುರಾಗಿತ್ತು. 159 ಜನರು ಸತ್ತರು. ನಾಲ್ವರು ಬದುಕುಳಿದರು.

ಇಷ್ಟು ಓದಿ ಹೆದರಬೇಡಿ. ದಿನವೂ ಸಾವಿರಾರು ವಿಮಾನಗಳು ಈ ಯಂತ್ರದ ಬಲದಿಂದಲೇ ಸುರಕ್ಷಿತವಾಗಿ ತಲುಪುತ್ತಿವೆ. ಅದರ ಸಾಮರ್ಥ್ಯ ನೋಡಬೇಕಾದರೆ ಇಳಿಯುವ ಲೆಕ್ಕವನ್ನು ನೋಡಬೇಕು. ಎಲ್ಲಿಂದ ಇಳಿಯತೊಡಗಿದರೆ, ಎಂಜಿನ್‌ಗಳನ್ನು ಕನಿಷ್ಠ ಶಕ್ತಿಗೆ ತಗ್ಗಿಸಿಕೊಂಡು, ಗಾಜಿನ ಮೇಲೆ ನೀರಿನ ಹನಿ ಜಾರಿದಂತೆ ರನ್‌ವೇಯವರೆಗೆ ಬರಬಹುದು? ತೂಕ, ವೇಗ, ಬೇರೆ ಬೇರೆ ಎತ್ತರಗಳ ಗಾಳಿ, ನಡುವಿನ ಎತ್ತರದ ಮಿತಿಗಳು, ಎಲ್ಲವನ್ನೂ ಹಿಡಿದು ಎಫ್‌ಎಂಸಿ ಆ ಬಿಂದುವನ್ನು ನಕ್ಷೆಯ ಮೇಲೆ ಗುರುತಿಸುತ್ತದೆ. ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಬಿಂದು ಹಿಂದಕ್ಕೆ ಸರಿಯುತ್ತದೆ, ಎದುರುಗಾಳಿಯಾದರೆ ರನ್‌ವೇಗೆ ಹತ್ತಿರವಾಗುತ್ತದೆ. ಇಂಧನದ ಉಳಿತಾಯ ಮುಖ್ಯವೋ ಸಮಯ ಮುಖ್ಯವೋ ಎಂದು ಒಂದು ಅಂಕೆಯಲ್ಲಿ ತಿಳಿಸಿದರೆ ವೇಗವನ್ನೂ ಅದಕ್ಕೆ ತಕ್ಕಂತೆ ಹೊಂದಿಸುತ್ತದೆ. ಇಷ್ಟು ಲೆಕ್ಕವನ್ನು ಕ್ಷಣಕ್ಷಣಕ್ಕೂ ಹಾಕುವುದು ಮನುಷ್ಯನಿಂದ ಆಗದ ಮಾತು.

ಆದರೆ ಅಷ್ಟರಲ್ಲಿ ನಿಯಂತ್ರಕರು ‘ಕೆಳಗೆ ಇನ್ನೊಂದು ವಿಮಾನವಿದೆ, ಈಗಲೇ ಇಳಿಯಬೇಡಿ’ ಎನ್ನುತ್ತಾರೆ. ಮರುಕ್ಷಣವೇ ಆ ಸುಂದರ ಲೆಕ್ಕ ಹಳತಾಗುತ್ತದೆ. ಆಗ ಪೈಲಟ್‌ಗೆ ನೆರವಾಗುವುದು ತಲೆಯಲ್ಲೇ ಹಾಕುವ ಒಂದು ಗುಣಾಕಾರ: ಎತ್ತರವನ್ನು ಸಾವಿರ ಅಡಿಗಳಲ್ಲಿ ಹಿಡಿದು ಮೂರರಿಂದ ಗುಣಿಸಿದರೆ, ಇಳಿಯಲು ಬೇಕಾದ ದೂರ ಸರಿಸುಮಾರು ನಾಟಿಕಲ್ ಮೈಲಿಗಳಲ್ಲಿ ಬರುತ್ತದೆ.

ಕಂಪ್ಯೂಟರ್ ಕೆಟ್ಟರೆ ಎಂದಿರಿ. ದೊಡ್ಡ ವಿಮಾನಗಳಲ್ಲಿ ಎರಡು ಎಫ್‌ಎಂಸಿಗಳಿರುತ್ತವೆ, ಒಂದು ನಿಂತರೆ ಇನ್ನೊಂದು ನಡೆಸುತ್ತದೆ. ಎರಡೂ ನಿಂತರೆ ನೆಲದ ರೇಡಿಯೊ ಕೇಂದ್ರಗಳಿವೆ, ದಿಕ್ಸೂಚಿ ಇದೆ, ರೇಡಾರ್ ನೋಡುತ್ತ ದಿಕ್ಕು ಹೇಳುವ ನಿಯಂತ್ರಕರಿದ್ದಾರೆ. ಸಿಡ್ನಿಯ ಆ ವಿಮಾನ ಇಳಿದದ್ದೂ ಹಾಗೆಯೇ. ಸಿಡ್ನಿಯಲ್ಲಿ ಹವಾಮಾನ ಕೆಟ್ಟಿದ್ದರಿಂದ ನಿಯಂತ್ರಕರು ದಿಕ್ಕು ಹೇಳುತ್ತ ಮೆಲ್ಬರ್ನ್‌ಗೆ ಕರೆದೊಯ್ದರು. ಅಲ್ಲಿ ನೆಲ ಸ್ಪಷ್ಟವಾಗಿ ಕಾಣುತ್ತಿತ್ತು, ಪೈಲಟ್‌ಗಳು ಕಣ್ಣಿನಿಂದ ನೋಡಿಕೊಂಡೇ ಇಳಿಸಿದರು.

ನಿಮ್ಮ ಮಗಳಿಗೆ ಉಳಿದಿರುವ ಕೆಲಸ ಇದೇ: ಯಂತ್ರಕ್ಕೆ ಸರಿಯಾಗಿ ಹೇಳುವುದು, ಅದು ಹೇಳಿದ್ದನ್ನು ತನ್ನ ಅಂದಾಜಿನೊಡನೆ ತಾಳೆ ನೋಡುವುದು, ತಾಳೆಯಾಗದಿದ್ದರೆ ತಾನೇ ಹಾರಿಸುವುದು. ಅವಳಿಗೊಂದು ಲೆಕ್ಕ ಕೊಡಿ. ವಿಮಾನ 36,000 ಅಡಿ ಎತ್ತರದಲ್ಲಿದೆ. ರನ್‌ವೇ ಸಮುದ್ರಮಟ್ಟದಲ್ಲಿದೆ. ಗಾಳಿಯಿಲ್ಲ. ರನ್‌ವೇ 60 ನಾಟಿಕಲ್ ಮೈಲಿ ದೂರವಿರುವಾಗ ಇಳಿಯಲು ಆರಂಭಿಸಿ ಎಂದು ಪರದೆ ಹೇಳುತ್ತಿದೆ. ಅದನ್ನು ನಂಬಬಹುದೇ? ನಂಬಬಾರದೆಂದರೆ, ಯಂತ್ರಕ್ಕೆ ಯಾವ ಸಂಗತಿಯನ್ನು ತಪ್ಪಾಗಿ ಹೇಳಿರಬಹುದು? ಅವಳ ಉತ್ತರವನ್ನು ನಮಗೆ ಬರೆದು ಕಳುಹಿಸಿ.

– ಸಂಪಾದಕ